ಗಾಡಿಯೇ ಮನೆ, ಹಿಂದೆರಡು ಸೈಕಲ್: ಮರುಭೂಮಿಯ ಓಡಾಟದ ಬಗ್ಗೆ ನಿಮ್ಮ ಪ್ರಶ್ನೆಗಳು

ನಾನೂ ನಮ್ಮನೆಯವರೂ ಅಮೆರಿಕದ ನೈಋತ್ಯದ ಮರುಭೂಮಿಗಳಲ್ಲಿ ಚಳಿಗಾಲ ಕಳೆಯುವುದರ ಬಗ್ಗೆ ಹೋದ ಸಂಚಿಕೆಯಲ್ಲಿ ಒಂದು ಪುಟ ಬರೆದಿದ್ದೆ. ಇಷ್ಟು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ಅದನ್ನು ಓದದವರಿಗಾಗಿ ಎರಡು ಮಾತು: ನಾನು ಅರಸೀಕೆರೆಯವಳು. ಅರಿಜೋನಾದ ಚಾಂಡ್ಲರಿಗೆ ಬಂದು ಮೂವತ್ತೊಂದು ವರ್ಷವಾಯಿತು. ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ ಮಾಡಿ ನಿವೃತ್ತಳಾಗಿದ್ದೇನೆ. ನನಗೆ 67, ಅವರಿಗೆ 72, ಅವರ ಒಂದು ಮಂಡಿ ಬದಲಾಗಿದೆ. ನವೆಂಬರಿನಿಂದ ಮಾರ್ಚಿನ ಒಳಗೆ ಐದಾರು ವಾರ, ಒಳಗೇ ವಾಸ ಮಾಡಬಹುದಾದ, ಇಲ್ಲಿ ಆರ್‌ವಿ ಎಂದೂ ಕರೆಯುವ ನಮ್ಮ ಮೋಟರ್‌ಹೋಂನಲ್ಲಿ ಹೊರಡುತ್ತೇವೆ, ಸೈಕಲ್ಲುಗಳು ಹಿಂದೆ ಕಟ್ಟಿರುತ್ತವೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಆರ್‌ವಿ ಅಂದರೆ ಬಸ್ಸಿನಷ್ಟು ದೊಡ್ಡದೇ? ಅದರೊಳಗೆ ಸ್ನಾನ, ಶೌಚ, ಅಡುಗೆ ಹೇಗೆ? ನೀರು ಎಲ್ಲಿಂದ ಬರುತ್ತದೆ?
– ನಿವೃತ್ತ ಬ್ಯಾಂಕ್ ಅಧಿಕಾರಿ, ಮೈಸೂರು

ಬಸ್ಸಿನಷ್ಟು ದೊಡ್ಡವೂ ಇವೆ, ಅವಕ್ಕೆ ಕ್ಲಾಸ್ ಎ ಅನ್ನುತ್ತಾರೆ. ವ್ಯಾನನ್ನೇ ಮನೆ ಮಾಡಿಕೊಂಡರೆ ಕ್ಲಾಸ್ ಬಿ. ನಮ್ಮದು ನಡುವಿನ ಕ್ಲಾಸ್ ಸಿ. ಮುಂದೆ ವ್ಯಾನಿನ ಮೂತಿ, ಡ್ರೈವರ್ ತಲೆಯ ಮೇಲೆ ಅಟ್ಟದ ಹಾಗೆ ಒಂದು ಹಾಸಿಗೆ, ಹಿಂದೆ ಒಂದು ಕೋಣೆ. ಉದ್ದ 24 ಅಡಿ. ಒಳಗೆ ಎರಡು ಒಲೆ, ಒಂದು ಪುಟ್ಟ ಫ್ರಿಜ್, ಒಬ್ಬರು ನಿಂತು ತಿರುಗುವಷ್ಟು ಬಚ್ಚಲು.

ಗಾಡಿಯ ಹೊಟ್ಟೆಯಲ್ಲಿ ಮೂರು ತೊಟ್ಟಿ ಇರುತ್ತವೆ. ಆ ಮೂರರ ಲೆಕ್ಕ ತಿಳಿದರೆ ಮುಕ್ಕಾಲು ಪಾಲು ತಿಳಿದ ಹಾಗೆ. ಒಂದರಲ್ಲಿ ಒಳ್ಳೆಯ ನೀರು, ನಮ್ಮಲ್ಲಿ 40 ಗ್ಯಾಲನ್, ಅಂದರೆ ಸುಮಾರು 150 ಲೀಟರ್. ಇನ್ನೊಂದರಲ್ಲಿ ಸಿಂಕು, ಸ್ನಾನದ ಕೊಚ್ಚೆ ನೀರು; ಅದನ್ನು ಗ್ರೇ ಅನ್ನುತ್ತಾರೆ. ಮೂರನೆಯದು ಶೌಚದ್ದು, ಬ್ಲ್ಯಾಕ್. ತೊಟ್ಟಿ ತುಂಬಿದಾಗ ಖಾಲಿ ಮಾಡಲು ಡಂಪ್ ಸ್ಟೇಷನ್ ಎಂಬ ಜಾಗಗಳಿವೆ. ಕೈಗವಸು ಹಾಕಿಕೊಂಡು ದಪ್ಪ ಪೈಪು ಜೋಡಿಸಿ ಮೊದಲು ಬ್ಲ್ಯಾಕ್ ಬಿಡಬೇಕು, ಆಮೇಲೆ ಗ್ರೇ. ಹಾಗೆ ಮಾಡಿದರೆ ಎರಡನೆಯ ನೀರು ಪೈಪನ್ನು ತಾನೇ ತೊಳೆದುಕೊಂಡು ಹೋಗುತ್ತದೆ. ಹೇಸಿಗೆ ಪಡುವಂಥದ್ದೇನೂ ಇಲ್ಲ, ಹತ್ತು ನಿಮಿಷದ ಕೆಲಸ.

150 ಲೀಟರಿನಲ್ಲಿ ನಾವಿಬ್ಬರು ಐದು ದಿನ ನಿಭಾಯಿಸುತ್ತೇವೆ. ಇಲ್ಲಿನ ಗೆಳತಿಯರಿಗೆ ಇದು ಆಶ್ಚರ್ಯ. ಅರಸೀಕೆರೆಯಲ್ಲಿ ನಲ್ಲಿ ನೀರು ಬರುವ ದಿನ ಎಣಿಸಿ, ಕೊಳದಪ್ಪಲೆಯಿಂದ ಚೊಂಬಿನ ತನಕ ತುಂಬಿಟ್ಟುಕೊಳ್ಳುತ್ತಿದ್ದ ಮನೆಯಲ್ಲಿ ಬೆಳೆದವಳಿಗೆ ಇದೇನೂ ಹೊಸದಲ್ಲ. ತಟ್ಟೆಯನ್ನು ಮೊದಲು ಕಾಗದದಲ್ಲಿ ಒರೆಸಿ ಆಮೇಲೆ ತೊಳೆಯುತ್ತೇನೆ. ಅಕ್ಕಿ ತೊಳೆದ ನೀರಿನಲ್ಲಿ ಪಾತ್ರೆಯ ಮೊದಲ ಸುತ್ತು. ಸ್ನಾನಕ್ಕೆ ಅರ್ಧ ಬಕೆಟ್ಟು. ಮರುಭೂಮಿಯಲ್ಲಿ ಬೆವರು ಮೈಮೇಲೆ ನಿಲ್ಲುವುದಿಲ್ಲ, ಆರಿಬಿಡುತ್ತದೆ, ಹಾಗಾಗಿ ಮೈ ಜಿಡ್ಡಾಗುವುದೂ ಕಡಿಮೆ.

ಇನ್ನೊಂದು ವಿಷಯ. ಸೈಕಲ್ ಸ್ಟ್ಯಾಂಡನ್ನು ಗಾಡಿಯ ಹಿಂದೆ ಕಟ್ಟುವಾಗ ಹೊಗೆ ಕೊಳವೆ ಯಾವ ಕಡೆ ಬಾಯಿ ಬಿಟ್ಟಿದೆ ನೋಡಿಕೊಳ್ಳಿ. ಮೊದಲ ವರ್ಷ ನಾವು ನೋಡಲಿಲ್ಲ. ಮುನ್ನೂರು ಮೈಲಿ ಹೋಗಿ ಇಳಿದರೆ ನನ್ನ ಸೈಕಲ್ಲಿನ ಹಿಂದಿನ ಟೈರು ಒಂದು ಕಡೆ ಮೇಣದ ಹಾಗೆ ಕರಗಿತ್ತು.

ಮಗಳ ಮನೆಗೆ, ಕ್ಯಾಲಿಫೋರ್ನಿಯಾಕ್ಕೆ, ಆರು ತಿಂಗಳಿಗೆ ಹೋಗುತ್ತಿದ್ದೇವೆ. ನಮಗೆ 63 ಮತ್ತು 66. ಬಾಡಿಗೆಗೆ ಇಂಥ ಗಾಡಿ ತೆಗೆದುಕೊಂಡು ನಾವೇ ಓಡಿಸಬಹುದೇ? ಯಾವ ಕಾಲ ಒಳ್ಳೆಯದು?
– ಬೆಂಗಳೂರಿನ ಇಬ್ಬರು ಓದುಗರು

ಓಡಿಸಬಹುದು. ನಿಮ್ಮ ಕರ್ನಾಟಕದ ಲೈಸೆನ್ಸ್ ಚಾಲ್ತಿಯಲ್ಲಿರಲಿ. ಜೊತೆಗೆ ನಿಮ್ಮ ಆರ್‌ಟಿಓ ಕಚೇರಿಯಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿಕೊಂಡು ಬನ್ನಿ. ಅದು ಒಂದು ವರ್ಷ ನಡೆಯುತ್ತದೆ, ಶುಲ್ಕ 1,000 ರೂಪಾಯಿ. ಬಂದ ತಕ್ಷಣ ಗಾಡಿ ಹಿಡಿಯಬೇಡಿ. ಮಗಳ ಕಾರಿನಲ್ಲಿ ಎರಡು ವಾರ ರಸ್ತೆಯ ಬಲಗಡೆ ಓಡಿಸಿ ಕೈ ಕೂಡಿಸಿಕೊಳ್ಳಿ. ಆಮೇಲೆ ಯಾವುದಾದರೂ ಖಾಲಿ ಪಾರ್ಕಿಂಗ್ ಜಾಗದಲ್ಲಿ ಆರ್‌ವಿಯನ್ನು ಹಿಂದಕ್ಕೆ ತೆಗೆಯುವುದನ್ನು ಇಬ್ಬರೂ ಅಭ್ಯಾಸ ಮಾಡಿ. ಇಬ್ಬರೂ ಎಂದು ಬೇಕೆಂದೇ ಬರೆದಿದ್ದೇನೆ. ಯಾಕೆಂದು ಮುಂದೆ ಹೇಳುತ್ತೇನೆ.

ಇಲ್ಲಿ ನೆಲೆಸಿದ 62 ದಾಟಿದವರಿಗೆ ರಾಷ್ಟ್ರೀಯ ಉದ್ಯಾನಗಳಿಗೆ ಜೀವನಪೂರ್ತಿ ನಡೆಯುವ ಸೀನಿಯರ್ ಪಾಸ್ 80 ಡಾಲರಿಗೆ ಸಿಗುತ್ತದೆ, ಅನೇಕ ಕಡೆ ತಂಗುವ ಜಾಗದ ಬಾಡಿಗೆಯೂ ಅರ್ಧವಾಗುತ್ತದೆ. ಇದು ಪ್ರವಾಸಿ ವೀಸಾದ ಮೇಲೆ ಬಂದವರಿಗೆ ಇಲ್ಲ. 2026ರ ಜನವರಿಯಿಂದ ಹೊರದೇಶದವರ ವಾರ್ಷಿಕ ಪಾಸ್ 250 ಡಾಲರ್ ಆಗಿದೆ. ಪಾಸಿಲ್ಲದೆ ಹೋದರೆ ಗ್ರ್ಯಾಂಡ್ ಕ್ಯಾನ್ಯನ್‌ನಂಥ ಕೆಲವು ಹೆಸರುವಾಸಿ ಜಾಗಗಳಲ್ಲಿ ತಲೆಗೆ ಇನ್ನೂ 100 ಡಾಲರ್ ಕೊಡಬೇಕು. ಖರ್ಚಿನ ಲೆಕ್ಕದಲ್ಲಿ ಇದನ್ನು ಸೇರಿಸಿಕೊಳ್ಳಿ. ವೈದ್ಯಕೀಯ ವಿಮೆ ಇಲ್ಲದೆ ದಯವಿಟ್ಟು ಹೊರಡಬೇಡಿ.

ಕಾಲ: ನವೆಂಬರಿನಿಂದ ಮಾರ್ಚ್ ನಡುವಿನ ತನಕ. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ರಾಷ್ಟ್ರೀಯ ಉದ್ಯಾನದ ಫರ್ನೆಸ್ ಕ್ರೀಕಿನಲ್ಲಿ ಜನವರಿ ಹಗಲು ಸುಮಾರು 19 ಡಿಗ್ರಿ, ರಾತ್ರಿ ನಾಲ್ಕೈದು ಡಿಗ್ರಿ ಸೆಲ್ಸಿಯಸ್. ಇದೇ ಜಾಗದಲ್ಲಿ 1913ರ ಜುಲೈ 10ರಂದು 56.7 ಡಿಗ್ರಿ ದಾಖಲಾಗಿದೆ. ಬೇಸಿಗೆ ರಜೆಯೆಂದು ಜೂನ್, ಜುಲೈನಲ್ಲಿ ಬರುವವರು ಮರುಭೂಮಿಯನ್ನು ಪಟ್ಟಿಯಿಂದ ತೆಗೆದುಹಾಕಿ ಬೇರೆ ಕಡೆ ಹೋಗಿ.

ನನಗೆ ಮಂಡಿ ನೋವು. ಸೈಕಲ್ ಬಿಟ್ಟು ನಲವತ್ತು ವರ್ಷವಾಯಿತು. ನಿಮ್ಮ ಬರಹ ಓದಿ ಆಸೆಯಾಗಿದೆ. ಶುರು ಮಾಡಲೇ?
– ನಿವೃತ್ತ ಶಿಕ್ಷಕಿ, ತುಮಕೂರು

ಶುರು ಮಾಡಿ ಟೀಚರ್, ಡಾಕ್ಟರನ್ನು ಕೇಳಿ ಶುರು ಮಾಡಿ. ನಾನು ಸೈಕಲ್ ಕಲಿತದ್ದು ಅರಸೀಕೆರೆಯ ಸಂತೆ ಮೈದಾನದಲ್ಲಿ, ಅಣ್ಣ ಗಂಟೆ ಲೆಕ್ಕದಲ್ಲಿ ತಂದ ಬಾಡಿಗೆ ಸೈಕಲ್ಲಿನಲ್ಲಿ, ಲಂಗ ಎತ್ತಿ ಸಿಕ್ಕಿಸಿಕೊಂಡು, ಅಡ್ಡಕಂಬಿಯ ಕೆಳಗೆ ಕಾಲು ತೂರಿಸಿ. ಮತ್ತೆ ಹತ್ತಿದಾಗ ನನಗೆ 58. ಮೈ ಮರೆತಿರಲಿಲ್ಲ.

ಮಂಡಿಗೆ ನಡಿಗೆಗಿಂತ ಸೈಕಲ್ ಹಗುರ, ಸೀಟು ಸರಿಯಾದ ಎತ್ತರದಲ್ಲಿದ್ದರೆ. ಪೆಡಲ್ ಪೂರ್ತಿ ಕೆಳಗೆ ಬಂದಾಗ ಮಂಡಿ ಸ್ವಲ್ಪ ಮಾತ್ರ ಬಾಗಿರಬೇಕು. ನಮ್ಮಲ್ಲಿ ಬಹಳ ಹೆಂಗಸರು ಕಾಲು ನೆಲಕ್ಕೆ ಪೂರ್ತಿ ತಾಗಲಿ ಎಂದು ಸೀಟು ತಗ್ಗಿಸಿಕೊಳ್ಳುತ್ತಾರೆ, ಆಮೇಲೆ ಮಂಡಿ ನೋವೆಂದು ಬಿಟ್ಟೇ ಬಿಡುತ್ತಾರೆ. ಇಳಿಯುವಾಗ ಸೀಟಿನಿಂದ ಮುಂದೆ ಜಾರಿ ಇಳಿಯುವುದನ್ನು ಕಲಿತರೆ ಆ ಭಯ ಹೋಗುತ್ತದೆ.

ನಮ್ಮನೆಯವರದು ಮಂಡಿ ಆಪರೇಷನ್ ಆದ ಮೇಲೆ ಇ-ಬೈಕು. ತುಳಿದರೆ ಮಾತ್ರ ಮೋಟರ್ ಕೈ ಜೋಡಿಸುತ್ತದೆ, ಗಂಟೆಗೆ 20 ಮೈಲಿಯ ಮೇಲೆ ಸಹಾಯ ನಿಲ್ಲುತ್ತದೆ. ಮೋಟರ್ ಪೆಡಲ್ ಹತ್ತಿರ ಇರುವುದನ್ನೇ ಹುಡುಕಿ ಕೊಂಡೆವು. ಚಕ್ರದ ಒಳಗೇ ಮೋಟರ್ ಇದ್ದರೆ ಪಂಕ್ಚರ್ ಆದಾಗ ಚಕ್ರ ಕಳಚುವುದು ಮುದುಕರ ಕೈಯಲ್ಲಿ ಕಷ್ಟ. ಗಾಡಿಯ ನೆತ್ತಿಯ ಮೇಲೆ 200 ವಾಟಿನ ಸೋಲಾರ್ ಹಲಗೆ ಇದೆ. ಚಳಿಗಾಲದ ಬಿಸಿಲಿನಲ್ಲಿ ಒಂದು ಬ್ಯಾಟರಿ ತುಂಬಲು ಹಗಲಿನ ಬಹುಪಾಲು ಬೇಕು, ಹಾಗಾಗಿ ಒಂದು ದಿನ ಸವಾರಿ, ಒಂದು ದಿನ ಬಿಡುವು. ನಮ್ಮ ವಯಸ್ಸಿಗೂ ಅದೇ ಸರಿ.

ರಾಷ್ಟ್ರೀಯ ಉದ್ಯಾನಗಳಲ್ಲಿ ವಾಹನ ಹೋಗುವ ರಸ್ತೆಯಲ್ಲೆಲ್ಲ ಸಾಮಾನ್ಯವಾಗಿ ಸೈಕಲ್ಲಿಗೂ ದಾರಿ ಉಂಟು, ಕಾಲುದಾರಿಗೆ ಇಳಿಯುವ ಹಾಗಿಲ್ಲ. ಹೊಸಬರಿಗೆ ನಾನು ಹೇಳುವುದು ಫರ್ನೆಸ್ ಕ್ರೀಕಿನಿಂದ ಹಾರ್ಮನಿ ಬೋರಾಕ್ಸ್ ವರ್ಕ್ಸ್ ಎಂಬ ಹಳೆಯ ಬೋರಾಕ್ಸ್ (ಬಿಳಿಗಾರ) ಕಾರ್ಖಾನೆಯ ತನಕದ ಸೈಕಲ್ ದಾರಿ. ಒಂದೇ ಮೈಲಿ, ಸಮತಟ್ಟು. ಅಲ್ಲಿ ಹಳೆಯ ಬೋರಾಕ್ಸ್ ಬಂಡಿಗಳು ನಿಂತಿವೆ. 1880ರ ದಶಕದಲ್ಲಿ ಇಪ್ಪತ್ತು ಪ್ರಾಣಿಗಳ ಸಾಲು ಕಟ್ಟಿ ಇಂಥ ಬಂಡಿಗಳಲ್ಲಿ 165 ಮೈಲಿ ದೂರದ ಮೊಹಾವೆ ರೈಲು ನಿಲ್ದಾಣಕ್ಕೆ ಬೋರಾಕ್ಸ್ ಸಾಗಿಸುತ್ತಿದ್ದರು. ಹೇಸರಗತ್ತೆಗಳಿಗೂ ಆಳುಗಳಿಗೂ ಸೇರಿ 1,200 ಗ್ಯಾಲನ್ ನೀರಿನ ತೊಟ್ಟಿಯನ್ನು ಹಿಂದೆ ಎಳೆದುಕೊಂಡೇ ಹೋಗಬೇಕಿತ್ತು. ಆ ತೊಟ್ಟಿಯ ಪಕ್ಕ ನಿಂತಾಗಲೆಲ್ಲ ನನ್ನ 40 ಗ್ಯಾಲನ್ ನೆನಪಾಗುತ್ತದೆ.

ಸ್ವಲ್ಪ ಅಭ್ಯಾಸವಾದ ಮೇಲೆ ಆರ್ಟಿಸ್ಟ್ಸ್ ಡ್ರೈವ್. ಒಂಬತ್ತು ಮೈಲಿಯ ಒಮ್ಮುಖ ದಾರಿ, ಏರಿಳಿತ ಬಹಳ. ಬೆಟ್ಟದ ಮೈಯಲ್ಲಿ ಪಾಚಿ ಹಸಿರು, ಗುಲಾಬಿ, ನೇರಳೆ ಬಣ್ಣದ ಮಣ್ಣು. 25 ಅಡಿ ಮೀರಿದ ವಾಹನ ಅಲ್ಲಿ ಬಿಡುವುದಿಲ್ಲ. ನಮ್ಮ ಗಾಡಿ 24 ಅಡಿಯಾದರೂ ಹಿಂದಿನ ಸ್ಟ್ಯಾಂಡ್ ಸೇರಿದರೆ 27. ಹಾಗಾಗಿ ಸೈಕಲ್ಲೇ ಗತಿ. ಸೈಕಲ್ಲಿನಲ್ಲೇ ನೋಡಬೇಕಾದ ಜಾಗವೂ ಹೌದು.

ಮರುಭೂಮಿಯ ಬಿಸಿಲಿನಲ್ಲಿ ಈ ವಯಸ್ಸಿನಲ್ಲಿ ಸೈಕಲ್ ತುಳಿಯುವುದು ಅಪಾಯವಲ್ಲವೇ? ಏನಾದರೂ ಆದರೆ ಏನು ಮಾಡುತ್ತೀರಿ?
– ಹಾಸನ, ಮಂಗಳೂರು, ಡಲ್ಲಾಸ್‌ನಿಂದ ಹನ್ನೊಂದು ಮಂದಿ

ಅಪಾಯ ಹೌದು. ನಮಗೆ ಆಗಿದೆ. ಹೋದ ಸಲ ಬರೆಯಲು ಮನಸ್ಸು ಬರಲಿಲ್ಲ, ಇಷ್ಟು ಜನ ಕೇಳಿದ ಮೇಲೆ ಬರೆಯದಿದ್ದರೆ ತಪ್ಪಾಗುತ್ತದೆ.

2019ರ ಮಾರ್ಚ್ ಕೊನೆಯ ವಾರ. ಡೆತ್ ವ್ಯಾಲಿಯ ಸನ್‌ಸೆಟ್ ಕ್ಯಾಂಪ್‌ಗ್ರೌಂಡಿನಲ್ಲಿ ಗಾಡಿ ನಿಲ್ಲಿಸಿದ್ದೆವು. ಅಲ್ಲಿಂದ ಬ್ಯಾಡ್‌ವಾಟರ್‌ಗೆ 17 ಮೈಲಿ, ಹೋಗಿ ಬರಲು ಸುಮಾರು 55 ಕಿಲೋಮೀಟರ್. ಆಗ ಅವರದು ಮಾಮೂಲಿ ಸೈಕಲ್ಲು. ಬೆಳಿಗ್ಗೆ ಆರಾಮಾಗಿ ಉಪ್ಪಿಟ್ಟು ತಿಂದು, ಎರಡನೆಯ ಕಾಫಿಯೂ ಆಗಿ, ಹೊರಟಾಗ ಒಂಬತ್ತೂವರೆ. ಬೆನ್ನಿಗೆ ಗಾಳಿ ಇತ್ತು. ದಕ್ಷಿಣಕ್ಕೆ ಹೋಗುವಾಗ ರಸ್ತೆ ತಾನೇ ಒಯ್ಯುತ್ತಿದೆ ಅನ್ನಿಸಿತು. ಬ್ಯಾಡ್‌ವಾಟರ್ ಸಮುದ್ರ ಮಟ್ಟಕ್ಕಿಂತ 282 ಅಡಿ ಕೆಳಗಿನ ಉಪ್ಪಿನ ಬಯಲು. ರಸ್ತೆಯ ಆಚೆ ಬಂಡೆಯ ಮೇಲೆ, ಕತ್ತೆತ್ತಿ ನೋಡುವಷ್ಟು ಎತ್ತರದಲ್ಲಿ, ಸಮುದ್ರ ಮಟ್ಟ ಇಲ್ಲಿ ಎಂದು ಒಂದು ಫಲಕ ಇದೆ. ಅದರ ಕೆಳಗೆ ನಿಂತು ಫೋಟೋ ತೆಗೆದುಕೊಂಡೆವು. ಆ ಫೋಟೋದಲ್ಲಿ ಅವರು ನಗುತ್ತಿದ್ದಾರೆ, ತುಟಿ ಮಾತ್ರ ಒಡೆದಿದೆ. ನಾನು ಅದನ್ನು ಆಗ ಗಮನಿಸಲಿಲ್ಲ.

ವಾಪಸ್ಸು ಬರುವಾಗ ಅದೇ ಗಾಳಿ ಎದೆಗೆ. ಡೆವಿಲ್ಸ್ ಗಾಲ್ಫ್ ಕೋರ್ಸ್‌ನ ತಿರುವಿನ ಹತ್ತಿರ ಅವರು ಇಳಿದರು. ಮೀನಖಂಡ ಹಿಡಿದುಕೊಂಡಿದೆ ಅಂದರು. ಮುಖ ಸುಣ್ಣದ ಹಾಗೆ ಬಿಳಿಚಿತ್ತು, ಹಣೆ ಮುಟ್ಟಿದರೆ ತಣ್ಣಗಿನ ಬೆವರು, ವಾಂತಿ ಬರುತ್ತಿದೆ ಅಂದರು. ಸುತ್ತ ಒಂದು ಗಿಡದ ನೆರಳಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ನನ್ನ ದುಪಟ್ಟಾ ನೆನೆಸಿ ಕುತ್ತಿಗೆಗೆ ಸುತ್ತಿದೆ, ಎರಡು ಸೈಕಲ್ ನಿಲ್ಲಿಸಿ ಅವರ ಅಂಗಿ ಹರಡಿ ತಲೆಗೆ ನೆರಳು ಮಾಡಿದೆ. ಇಪ್ಪತ್ತು ನಿಮಿಷದ ಮೇಲೆ ಒಂದು ಕುಟುಂಬ ಕಾರು ನಿಲ್ಲಿಸಿತು. ಸೈಕಲ್ಲುಗಳನ್ನು ಅಲ್ಲೇ ಬಿಟ್ಟು ಅವರ ಕಾರಿನಲ್ಲಿ ಫರ್ನೆಸ್ ಕ್ರೀಕಿಗೆ ಬಂದೆವು. ಉದ್ಯಾನದ ರೇಂಜರ್ ನೋಡಿದರು, ತಂಪು ಮಾಡಿದರು. ಗಂಟೆ ಕಳೆದ ಮೇಲೆ ನಮ್ಮನೆಯವರು ಚೇತರಿಸಿಕೊಂಡರು. ಆದರೂ ಬಿಪಿ ಮಾತ್ರೆ ತೆಗೆದುಕೊಳ್ಳುವವರು, ಒಂದು ಸಲ ಆಸ್ಪತ್ರೆಗೆ ತೋರಿಸಿಬಿಡಿ ಅಂದರು ರೇಂಜರ್.

ಆಸ್ಪತ್ರೆ ಇರುವುದು ನೆವಾಡಾದ ಪರಂಪ್ ಊರಿನಲ್ಲಿ, ಸುಮಾರು 60 ಮೈಲಿ. ನಮ್ಮ ಹತ್ತಿರ ಇದ್ದದ್ದು ಆ 24 ಅಡಿಯ ಗಾಡಿ ಒಂದೇ. ನಾಲ್ಕು ವರ್ಷದಿಂದ ನಾನು ಅದರಲ್ಲಿ ಮಲಗಿದ್ದೆ, ಅಡುಗೆ ಮಾಡಿದ್ದೆ, ಪಕ್ಕದ ಸೀಟಿನಲ್ಲಿ ಕೂತು ನಕ್ಷೆ ನೋಡಿದ್ದೆ. ಒಂದು ದಿನವೂ ಸ್ಟಿಯರಿಂಗ್ ಹಿಡಿದಿರಲಿಲ್ಲ. ಗ್ಯಾಸ್ ಮುಚ್ಚುವುದು ಎಲ್ಲಿ, ಮೆಟ್ಟಿಲು ಒಳಗೆ ಮಡಚುವುದು ಹೇಗೆ, ಗಾಡಿ ಸಮ ನಿಲ್ಲಲು ಚಕ್ರದ ಕೆಳಗಿಟ್ಟ ಮಣೆಗಳ ಮೇಲಿಂದ ಇಳಿಸುವುದು ಹೇಗೆ, ಒಂದೂ ಗೊತ್ತಿರಲಿಲ್ಲ. ಅವರು ಅಟ್ಟದ ಕೆಳಗಿನ ಸೋಫಾದಲ್ಲಿ ಒರಗಿ ಕಣ್ಣು ಮುಚ್ಚಿಕೊಂಡೇ ಒಂದೊಂದನ್ನು ಹೇಳಿದರು, ನಾನು ಮಾಡಿದೆ. ಗಾಡಿ ಮಣೆಯಿಂದ ಧಡಾರ್ ಅಂತ ಇಳಿಯಿತು, ಮೇಲಿನ ಕಪಾಟಿನಿಂದ ಮೆಂತ್ಯದ ಡಬ್ಬಿ ಬಿದ್ದು ನೆಲವೆಲ್ಲ ಮೆಂತ್ಯ. ಕಾಳುಗಳು ಏರಿನಲ್ಲಿ ಹಿಂದಕ್ಕೂ ಇಳಿಜಾರಿನಲ್ಲಿ ಮುಂದಕ್ಕೂ ಉರುಳುವ ಸದ್ದು ಕೇಳುತ್ತಾ ಎರಡು ಗಂಟೆ ಓಡಿಸಿದೆ. ಹಿಂದಿನ ವಾಹನಗಳಿಗೆ ದಾರಿ ಬಿಡಲು ಎಂಟು ಹತ್ತು ಸಲ ಪಕ್ಕಕ್ಕೆ ನಿಲ್ಲಿಸಿದೆ. ಇವತ್ತಿಗೂ ಮೆಂತ್ಯ ಹುರಿಯುವ ವಾಸನೆ ಬಂದರೆ ನನ್ನ ಅಂಗೈ ಬೆವರುತ್ತದೆ.

ರಕ್ತದ ವರದಿ ಬಂದಾಗ ನಾನೇ ಓದಿದೆ. ಸೋಡಿಯಂ 131. ಕಡಿಮೆ ಅಂದರೂ 135 ಇರಬೇಕು. ನೀರು ಕುಡಿದಿದ್ದರು, ಉಪ್ಪು ಒಳಗೆ ಹೋಗಿರಲಿಲ್ಲ. ಬಿಪಿಗೆ ಅವರು ತೆಗೆದುಕೊಳ್ಳುತ್ತಿದ್ದ ಮಾತ್ರೆಯೂ ಮೂತ್ರದ ಮೂಲಕ ಉಪ್ಪು, ನೀರು ಹೊರಹಾಕುವಂಥದ್ದು. ಮೂವತ್ತು ವರ್ಷ ಇದೇ ಅಂಕಿಗಳನ್ನು ಬೇರೆಯವರ ರಕ್ತದಲ್ಲಿ ನೋಡಿದವಳು, ಮನೆಯವರ ಬಾಟಲಿಗೆ ಬರೀ ನೀರು ತುಂಬಿಸಿ ಕಳಿಸಿದ್ದೆ.

ಅಂದಿನಿಂದ ನಾವು ನಡೆಸಿಕೊಂಡು ಬಂದಿರುವ ಪದ್ಧತಿ ಇದು. ಬೆಳಕು ಹರಿಯುತ್ತಲೇ ಹೊರಟು ಹತ್ತು ಗಂಟೆಗೆ ಗಾಡಿಯ ನೆರಳು ಸೇರುತ್ತೇವೆ. ಗಾಳಿ ಇದ್ದರೆ ಮೊದಲು ಎದುರುಗಾಳಿಗೆ ಹೋಗಿ ಬೆನ್ನುಗಾಳಿಗೆ ಮರಳುತ್ತೇವೆ. ವಯಸ್ಸಾದ ಹಾಗೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ. ಅದಕ್ಕೇ ಗಡಿಯಾರ ನೋಡಿಕೊಂಡು ಇಪ್ಪತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು. ಒಬ್ಬರಿಗೆ ದಿನಕ್ಕೆ ಕನಿಷ್ಠ ನಾಲ್ಕು ಲೀಟರ್ ಎಂದು ಡೆತ್ ವ್ಯಾಲಿಯಲ್ಲಿ ಹೇಳುತ್ತಾರೆ, ಸೈಕಲ್ ತುಳಿದರೆ ಇನ್ನೂ ಬೇಕು. ಒಂದು ಬಾಟಲಿ ನೀರಾದರೆ ಇನ್ನೊಂದು ನಿಂಬೆಹಣ್ಣು, ಉಪ್ಪು, ಸಕ್ಕರೆ ಹಾಕಿದ ಪಾನಕ. ಜೇಬಿನಲ್ಲಿ ಉಪ್ಪು ಹಾಕಿ ಹುರಿದ ಕಡಲೆಕಾಯಿ ಬೀಜ. ನೀವು ಬಿಪಿಗೋ ಹೃದಯಕ್ಕೋ ಕಿಡ್ನಿಗೋ ಔಷಧಿ ತೆಗೆದುಕೊಳ್ಳುವವರಾದರೆ ಉಪ್ಪು ಎಷ್ಟು, ಮಾತ್ರೆ ಯಾವ ಹೊತ್ತಿಗೆ ಎಂದು ನಿಮ್ಮ ಡಾಕ್ಟರನ್ನು ಕೇಳಿಯೇ ಹೊರಡಿ. ನನ್ನ ಲೆಕ್ಕ ನಿಮಗೆ ಆಗದು.

ಇಬ್ಬರಲ್ಲಿ ಯಾರು ಮೊದಲು ‘ತಿರುಗೋಣ’ ಅಂದರೂ ಅಲ್ಲೇ ತಿರುಗುತ್ತೇವೆ. ಯಾಕೆ ಎಂದು ಕೇಳುವ ಹಾಗಿಲ್ಲ, ಇನ್ನೊಂದೇ ಮೈಲಿ ಎನ್ನುವ ಹಾಗಿಲ್ಲ.

ನನ್ನ ವಯಸ್ಸಿನ ಹೆಂಗಸರಿಗೆ, ಅವರ ಯಜಮಾನರಿಗೆ, ಕೈ ಮುಗಿದು ಕೇಳುತ್ತೇನೆ: ಗಾಡಿ ಇಬ್ಬರೂ ಓಡಿಸಿ. ತೊಟ್ಟಿ ಇಬ್ಬರೂ ಖಾಲಿ ಮಾಡಿ. ಅನ್ನ ಸಾರು ಇಬ್ಬರೂ ಮಾಡಿ. ಇನ್ನೊಬ್ಬರ ಮಾತ್ರೆಯ ಹೆಸರು, ಪ್ರಮಾಣ ಇಬ್ಬರ ಜೇಬಿನಲ್ಲೂ ಚೀಟಿಯಲ್ಲಿರಲಿ. ಊರಿನಲ್ಲಾದರೆ ಪಕ್ಕದ ಮನೆಯವರಿರುತ್ತಾರೆ, ಕೂಗಿದರೆ ಆಟೋ ಬರುತ್ತದೆ. ಅಲ್ಲಿ ನೀವಿಬ್ಬರೇ. ಪರಂಪ್‌ನಿಂದ ಮನೆಗೆ ಮರಳುವ ದಾರಿಯನ್ನೂ ನಾನೇ ಓಡಿಸಿದೆ. ಈಗ ಒಂದು ದಿನ ಅವರು, ಒಂದು ದಿನ ನಾನು.

ಮಕ್ಕಳು ಬೈಯುವುದಿಲ್ಲವೇ?
– ಉಡುಪಿ

ಬೈದರು. ಆ ಮಾರ್ಚ್ ಆದ ಮೇಲೆ ಮಗ ಉಪಗ್ರಹದ ಮೂಲಕ ಸಂದೇಶ ಕಳಿಸುವ ಅಂಗೈಯಗಲದ ಒಂದು ಯಂತ್ರ ತಂದುಕೊಟ್ಟ. ಸಿಗ್ನಲ್ ಇಲ್ಲದ ಕಡೆಯೂ ನಡೆಯುತ್ತದೆ. ಸಂಜೆ ಏಳಕ್ಕೆ ‘ಊಟ ಆಯಿತು’ ಎಂದು ಕಳಿಸುತ್ತೇನೆ. ಅಷ್ಟು ಮಾಡಿದ ಮೇಲೆ ಅವನೂ ನೆಮ್ಮದಿಯಾಗಿದ್ದಾನೆ.

ಅಕ್ಕಾರ, ನಾ 61 ವರ್ಷದಾಂವ, ದಿನಾ ಮುಂಜಾನೆ ಸೈಕಲ್ ಹೊಡೀತೇನಿ. ಆ ಮರುಭೂಮಿಯೊಳಗ ಪಂಕ್ಚರ್ ಆದ್ರ ಏನ್ ಮಾಡ್ತೀರಿ? ಅಲ್ಲಿ ಅಂಗಡಿ ಇರೂದಿಲ್ಲಲ್ರಿ?
– ಧಾರವಾಡ

ಅಣ್ಣಾ, ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು, ಯಾಕೆಂದರೆ ನಮ್ಮ ಟೈರಿನ ಶತ್ರು ನಿಮ್ಮ ಹೊಲದ ಬದುವಿನಲ್ಲೇ ಇದೆ. ನೆಗ್ಗಿಲು ಮುಳ್ಳು! ಇಲ್ಲಿ ಇದಕ್ಕೆ ಗೋಟ್‌ಹೆಡ್, ಆಡಿನ ತಲೆ, ಅನ್ನುತ್ತಾರೆ. ಮೊದಲ ಸಲ ಟ್ಯೂಬಿನಿಂದ ಕಿತ್ತು ಅಂಗೈಯಲ್ಲಿಟ್ಟುಕೊಂಡಾಗ ನಮ್ಮಜ್ಜಿಯ ಕಣದಲ್ಲಿ ಬರಿಗಾಲಿಗೆ ಚುಚ್ಚಿದ್ದು ಇದೇ ಎಂದು ಗುರುತು ಹತ್ತಿತು. ಹಣ್ಣು ಒಣಗಿದರೆ ಐದು ಚೂರಾಗುತ್ತದೆ, ಪ್ರತಿ ಚೂರಿಗೂ ಎರಡು ಗಟ್ಟಿ ಕೊಂಬು, ನಿಜವಾಗಿಯೂ ಆಡಿನ ಮುಖ. ಹೇಗೆ ಬಿದ್ದರೂ ಒಂದು ಕೊಂಬು ಮೇಲಕ್ಕೇ ನಿಲ್ಲುತ್ತದೆ. ನಮ್ಮ ಆಯುರ್ವೇದದಲ್ಲಿ ಗೋಕ್ಷುರವೆಂದು ಔಷಧಿ, ಇಲ್ಲಿ ಹೊರಗಿನಿಂದ ಬಂದು ಹಬ್ಬಿದ ಕಳೆ. ಇದನ್ನು ತಿನ್ನಿಸಲು 1961ರಲ್ಲಿ ಎರಡು ಜಾತಿಯ ಮೂತಿಹುಳುಗಳನ್ನು ತಂದು ಬಿಟ್ಟರು. ಅವುಗಳ ಮೂಲನೆಲದಲ್ಲಿ ಇಟಲಿ, ಫ್ರಾನ್ಸ್ ಜೊತೆ ನಮ್ಮ ಭಾರತವೂ ಇದೆ. ಗಿಡದ ಹಿಂದೆ ಅದರ ಹುಳುವೂ ಸಮುದ್ರ ದಾಟಿದ ಹಾಗಾಯಿತು.

ಮಾಡುವುದೇನೆಂದರೆ, ಟ್ಯೂಬಿನ ಒಳಗೆ ತೂತು ಮುಚ್ಚುವ ಅಂಟಿನ ದ್ರವ ತುಂಬಿಸಿರುತ್ತೇವೆ, ಟೈರಿಗೂ ಟ್ಯೂಬಿಗೂ ನಡುವೆ ಗಟ್ಟಿ ಪಟ್ಟಿ ಹಾಕಿರುತ್ತೇವೆ. ರಸ್ತೆ ಬಿಟ್ಟು ಇಳಿಯುವಾಗ ಸೈಕಲ್ ತಳ್ಳುವುದಿಲ್ಲ, ಎತ್ತಿಕೊಂಡು ಹೋಗುತ್ತೇವೆ, ಏಕೆಂದರೆ ಮುಳ್ಳು ಇರುವುದೇ ರಸ್ತೆಯಂಚಿನ ಜಲ್ಲಿಯಲ್ಲಿ. ಆದರೂ ಪಂಕ್ಚರ್ ಆದರೆ ಬೇರೆ ಟ್ಯೂಬ್ ಹಾಕುವ ಮೊದಲು ಹತ್ತಿಯ ಒಂದು ಉಂಡೆಯನ್ನು ಟೈರಿನ ಒಳಮೈಗೆ ಸುತ್ತ ಉಜ್ಜಿ. ಮುರಿದ ಮುಳ್ಳಿನ ತುದಿ ಕಣ್ಣಿಗೆ ಕಾಣದಿದ್ದರೂ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಬೆರಳಿನಲ್ಲಿ ಹುಡುಕಿದರೆ ಬೆರಳೂ ಹೋಗುತ್ತದೆ.

ಮುಳ್ಳಿನ ಮಾತು ಬಂದದ್ದಕ್ಕೆ ಇದೊಂದು: ಜೇಬಿನಲ್ಲಿ ಅಗಲ ಹಲ್ಲಿನ ಬಾಚಣಿಗೆ ಇಟ್ಟುಕೊಳ್ಳಿ. ಚೋಯಾ ಎಂಬ ಕಳ್ಳಿಯ ತುಂಡುಗಳು ತಾಗಿದ್ದೇ ತಡ ಬಟ್ಟೆಗೆ, ಚರ್ಮಕ್ಕೆ ಅಂಟುತ್ತವೆ. ಕೈಯಲ್ಲಿ ಕೀಳಲು ಹೋದರೆ ಕೈಗೂ ಅಂಟುತ್ತವೆ. ಬಾಚಣಿಗೆ ನಡುವೆ ತೂರಿಸಿ ಒಂದೇ ಸಲ ಆಚೆಗೆ ಹಾರಿಸಬೇಕು.

ಊಟಕ್ಕೆ ಏನು ಮಾಡುತ್ತೀರಿ? ಕರಿಬೇವಿನ ಕುಂಡವನ್ನು ಗಾಡಿಯಲ್ಲೇ ಇಟ್ಟುಕೊಳ್ಳಬಹುದಲ್ಲ?
– ಶಿವಮೊಗ್ಗ, ಇದೇ ಪ್ರಶ್ನೆ ಸ್ಯಾನ್ ಹೋಸೆಯಿಂದಲೂ

ಕರಿಬೇವು ಮಾತ್ರ ಬೇಡ, ಗಿಡವೂ ಬೇಡ, ಹಸಿ ಸೊಪ್ಪೂ ಬೇಡ. ಅರಿಜೋನಾದಿಂದ ಕ್ಯಾಲಿಫೋರ್ನಿಯಾಕ್ಕೆ ಹೋಗುವಾಗ ಬ್ಲೈತ್ ಹತ್ತಿರ ಕೃಷಿ ತಪಾಸಣೆ ಠಾಣೆ ಇದೆ. ಹಣ್ಣು, ಗಿಡ ಇದೆಯೇ ಎಂದು ಕೇಳುತ್ತಾರೆ. ಕಿತ್ತಳೆ, ನಿಂಬೆ ತೋಟಗಳಿಗೆ ಗ್ರೀನಿಂಗ್ ರೋಗ ಹರಡುವ ಸಣ್ಣ ಕೀಟವೊಂದು ಕರಿಬೇವಿನ ಎಲೆಯ ಮೇಲೂ ಬದುಕುತ್ತದೆ. ನಮ್ಮ ಕೊಡಗಿನ ಕಿತ್ತಳೆಯನ್ನು ಹಾಳುಮಾಡಿದ ರೋಗಗಳಲ್ಲಿ ಇದೂ ಒಂದು. ಹೇಳದೆ ಒಯ್ದರಾಯಿತು ಎನ್ನುವವರನ್ನು ನೋಡಿದ್ದೇನೆ. ಒಬ್ಬರ ಒಗ್ಗರಣೆಗಾಗಿ ಇನ್ನೊಬ್ಬರ ತೋಟ ಹಾಳಾಗುವುದು ಬೇಡ. ನಾನು ಹೊರಡುವ ವಾರ ಕರಿಬೇವು ಹುರಿದು, ಕೊಬ್ಬರಿ, ಕಡಲೆಬೇಳೆ ಸೇರಿಸಿ ಚಟ್ನಿಪುಡಿ ಮಾಡಿಕೊಳ್ಳುತ್ತೇನೆ.

ಉಳಿದದ್ದೆಲ್ಲ ಸುಲಭ. ಗೊಜ್ಜವಲಕ್ಕಿ ಪುಡಿ, ಮೆಂತ್ಯದ ಹಿಟ್ಟು, ಹುರಿಹಿಟ್ಟು, ಬಿಸಿಬೇಳೆಬಾತಿನ ಪುಡಿ, ಮೂರು ಲೀಟರಿನ ಕುಕ್ಕರು. ರಾತ್ರಿ ಚಳಿಗೆ ಹಾಲು ಹೆಪ್ಪಾಗುವುದಿಲ್ಲ. ಕುದಿಸಿದ ನೀರು ತುಂಬಿದ ಬಾಟಲಿಯ ಪಕ್ಕ ಹೆಪ್ಪಿನ ಡಬ್ಬಿ ಇಟ್ಟು, ಎರಡಕ್ಕೂ ಸೇರಿಸಿ ಉಲ್ಲನ್ ಶಾಲು ಸುತ್ತಿಡುತ್ತೇನೆ, ಬೆಳಿಗ್ಗೆ ಗಟ್ಟಿ ಮೊಸರು. ಸಂಡಿಗೆಗಂತೂ ಮರುಭೂಮಿಯಂಥ ಜಾಗ ಇನ್ನೊಂದಿಲ್ಲ. ಬೊರೆಗೊ ಸ್ಪ್ರಿಂಗ್ಸ್‌ನಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಪ್ಲಾಸ್ಟಿಕ್ ಹಾಳೆಯ ಮೇಲೆ ಹಾಕಿದ ಅಕ್ಕಿ ಸಂಡಿಗೆ ಸಂಜೆಗೆ ಗಲಗಲ ಅನ್ನುತ್ತಿತ್ತು. ಪಕ್ಕದ ಗಾಡಿಯ ಕೆನಡಾದ ಅಜ್ಜಿ ಇದೇನೆಂದು ಕೇಳಿದರು. ನಾಲ್ಕು ಕರಿದು ಕೊಟ್ಟೆ. ಮಾರನೆಯ ದಿನ ಹಾಕುವಾಗ ಅವರೂ ಒಂದು ಚಮಚ ಹಿಡಿದು ಬಂದು ಕೂತರು.

ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ? ಭಯವಾಗುವುದಿಲ್ಲವೇ? ಹಾವು, ಕಳ್ಳರು?
– ಚಿತ್ರದುರ್ಗ

ಕಳ್ಳರ ಭಯ ನಮಗೆ ಆಗಿಲ್ಲ. ಬಾಲ ಅಲುಗಿಸಿ ಸದ್ದು ಮಾಡುವ ಬುಡುಬುಡಿಕೆ ಹಾವುಗಳು ಚಳಿಗಾಲದಲ್ಲಿ ಬಹುಮಟ್ಟಿಗೆ ಬಿಲದಲ್ಲೇ. ನಾನು ಹೆದರುವುದು ನೀರಿಗೆ. ಮರಳು ಸಮವಾಗಿದೆ, ಮೆತ್ತಗಿದೆ ಎಂದು ಒಣಹಳ್ಳದಲ್ಲಿ ಗಾಡಿ ನಿಲ್ಲಿಸಬಾರದು. ಮಳೆ ಇಪ್ಪತ್ತು ಮೈಲಿ ಆಚೆ ಬಿದ್ದರೂ ಹಳ್ಳ ಇಲ್ಲಿ ಬರುತ್ತದೆ.

ಸರ್ಕಾರಿ ಬಯಲಿನಲ್ಲಿ ಅನೇಕ ಕಡೆ 14 ದಿನದ ತನಕ ದುಡ್ಡಿಲ್ಲದೆ ಇರಬಹುದು. ಅರಿಜೋನಾದ ಕ್ವಾರ್ಟ್ಜ್‌ಸೈಟ್ ಹತ್ತಿರ ದೀರ್ಘಕಾಲ ಇರುವವರಿಗೆಂದೇ ಬಯಲಿದೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರ ಅವಧಿಗೆ 180 ಡಾಲರ್, ಎರಡು ವಾರಕ್ಕಾದರೆ 40. ಜನವರಿಯಲ್ಲಿ ಅಲ್ಲಿ ಕಣ್ಣು ಹಾಯಿಸಿದಷ್ಟೂ ಗಾಡಿಗಳು, ಬಹುಪಾಲು ನಮ್ಮ ವಯಸ್ಸಿನವರೇ. ಆ ಊರಿನ ಸ್ಮಶಾನದಲ್ಲಿ ಕಲ್ಲಿನ ಪಿರಮಿಡ್ಡೊಂದಿದೆ, ತುದಿಯಲ್ಲಿ ಲೋಹದ ಒಂಟೆ. ಅಮೆರಿಕದ ಸೈನ್ಯ 1850ರ ದಶಕದಲ್ಲಿ ಈ ಮರುಭೂಮಿಗೆ ಒಂಟೆ ತರಿಸಿದಾಗ ಅವುಗಳ ಜೊತೆ ಸಿರಿಯಾ ಕಡೆಯಿಂದ ಬಂದ ಹಾಜಿ ಅಲಿಯ ಸಮಾಧಿ ಅದು. ಇಲ್ಲಿಯವರ ಬಾಯಲ್ಲಿ ಹೆಸರು ‘ಹೈ ಜಾಲಿ’ ಆಯಿತು. ಅವನು 1902ರಲ್ಲಿ ಇಲ್ಲೇ ತೀರಿಕೊಂಡ, ಊರಿಗೆ ಮರಳಲಿಲ್ಲ. ನಾವಿಬ್ಬರೂ ಪ್ರತಿ ವರ್ಷ ಸೈಕಲ್ಲಿನಲ್ಲಿ ಹೋಗಿ ಅಲ್ಲಿ ಸ್ವಲ್ಪ ಹೊತ್ತು ನಿಂತು ಬರುತ್ತೇವೆ.

ನಿಮ್ಮ ಯಜಮಾನರು ಈಗ ಹೇಗಿದ್ದಾರೆ? ಮತ್ತೆ ಸೈಕಲ್ ಹೊಡೆಯುತ್ತಾರೆಯೇ?
– ಹಾಸನದ ಅಜ್ಜಿ, 81

ಚೆನ್ನಾಗಿದ್ದಾರೆ ಅಮ್ಮಾ. ಹೋದ ತಿಂಗಳು ಟ್ಯೂಸಾನ್ ಪಕ್ಕದ ಸವಾರೋ ಉದ್ಯಾನಕ್ಕೆ ಹೋಗಿದ್ದೆವು. ಅಲ್ಲಿ ಕ್ಯಾಕ್ಟಸ್ ಫಾರೆಸ್ಟ್ ಡ್ರೈವ್ ಎಂದು ಎಂಟು ಮೈಲಿಯ ಸುತ್ತು ರಸ್ತೆ ಇದೆ, ಶುರುವಿನಲ್ಲೇ ಕಡಿದಾದ ಇಳಿಜಾರು, ತಿರುವು. ಅವರು ಇ-ಬೈಕಿನಲ್ಲಿ ಮುಂದೆ, ನಾನು ಹಿಂದೆ. ಏಳು ಗಂಟೆ, ಕೈಗವಸಿನ ಒಳಗೂ ಬೆರಳು ಮರಗಟ್ಟುವ ಚಳಿ. ಹಿಂದಿನ ರಾತ್ರಿ ಒಂದು ಹನಿ ಮಳೆ ಬಿದ್ದಿತ್ತು, ಕ್ರಿಯೋಸೋಟ್ ಗಿಡದ ವಾಸನೆ ಎದ್ದಿತ್ತು. ನಮ್ಮ ಮುಂಗಾರಿನ ಮಣ್ಣಿನ ವಾಸನೆ ಎಷ್ಟು ಪ್ರೀತಿಯೋ ಇಲ್ಲಿಯವರಿಗೆ ಇದು ಅಷ್ಟು.

ಅರ್ಧ ದಾರಿಯಲ್ಲಿ ಒಂದು ಸವಾರೋ ಕಳ್ಳಿಯ ಹತ್ತಿರ ಅವರು ನಿಲ್ಲಿಸಿದರು. ಕಂಬದ ಹಾಗೆ ನೆಟ್ಟಗೆ, ನಮ್ಮಿಬ್ಬರ ಎರಡರಷ್ಟು ಎತ್ತರ, ಇನ್ನೂ ತೋಳು ಬಂದಿರಲಿಲ್ಲ. ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಒಂದು ಉಬ್ಬು ಮಾತ್ರ, ಮುಳ್ಳು ಇನ್ನೂ ಎಳೆಯದು. ಈ ಗಿಡಕ್ಕೆ ಮೊದಲ ತೋಳು ಬರಲು ಐವತ್ತರಿಂದ ಎಪ್ಪತ್ತೈದು ವರ್ಷ ಬೇಕು. ‘ನಿನ್ನ ವಾರಿಗೆಯದು ಕಣೇ’ ಅಂದರು. ನಾನು ಬಾಟಲಿ ತೆಗೆದು ಪಾನಕ ಕೊಟ್ಟೆ, ಇಪ್ಪತ್ತು ನಿಮಿಷವಾಗಿತ್ತು. ಕುಡಿದು, ಮುಚ್ಚಳ ತಿರುಗಿಸಿ ಕೊಟ್ಟು, ‘ತಿರುಗೋಣವಾ?’ ಅಂದರು. ಒಮ್ಮುಖ ರಸ್ತೆ, ತಿರುಗುವ ಹಾಗಿರಲಿಲ್ಲ. ಉಳಿದ ನಾಲ್ಕು ಮೈಲಿ ಮೋಟರಿನ ಸಹಾಯ ಪೂರ್ತಿ ಏರಿಸಿಕೊಂಡು, ನಾನು ಹಿಂದೆ ಬಿದ್ದಾಗಲೆಲ್ಲ ನಿಂತು ಕಾಯುತ್ತಾ ಬಂದರು. ಒಂಬತ್ತಕ್ಕೆ ಗಾಡಿ ಸೇರಿದೆವು. ಅವತ್ತಿನ ಉಪ್ಪಿಟ್ಟು ಅವರದೇ, ಗಾಡಿ ಓಡಿಸುವ ಸರದಿ ನನ್ನದು.